ಮುಲ್ಕೋವಾಲದ ಒಂದು ಸೀಸೆ

ಆಸ್ಪತ್ರೆಯಲ್ಲಿ ಚುಚ್ಚಿದ ಸೂಜಿಯಿಂದಲೇ ರೋಗಿ ತೀರಿಕೊಂಡ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ ‘ಯಾರ ತಪ್ಪು?’ ಎಂಬುದು. ‘ತಪ್ಪು ಎಲ್ಲಿ ನಡೆಯಿತು?’ ಎಂದು ಕೇಳುವವರು ಕಡಿಮೆ. ಇವೆರಡೂ ಒಂದೇ ಪ್ರಶ್ನೆಯಂತೆ ಕಂಡರೂ ಒಂದೇ ಅಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ವೈದ್ಯರಾಗಿ, ದಾದಿಯರಾಗಿ, ಔಷಧ ತಯಾರಕರಾಗಿ ದುಡಿಯುತ್ತಿದ್ದೀರಿ. ಪಠ್ಯಪುಸ್ತಕದಲ್ಲಿ ನಾನು ನಿಮಗೆ ಕಲಿಸದ ಒಂದು ಪ್ರಸಂಗವನ್ನು, ಆ ವ್ಯತ್ಯಾಸ ತಿಳಿಯಲೆಂದು, ಇಲ್ಲಿ ಬರೆಯುತ್ತಿದ್ದೇನೆ.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಎರಡೇ ವರ್ಷಗಳಲ್ಲಿ ಅದು ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ಮುಟ್ಟಿತು. ನಮ್ಮ ಅಜ್ಜಿಯಂದಿರು ‘ಗೆಡ್ಡೆ ಜ್ವರ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಇದನ್ನೇ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಂಗಳೂರಿನಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳೆದ್ದವು. ಇಕ್ಕಟ್ಟಿನ ಪೇಟೆಯಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಹುಟ್ಟಿದವು.

ಈ ಮಾರಿಗೆ ಲಸಿಕೆ ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಪ್ರಾಣಿಶಾಸ್ತ್ರ ಓದಿದವರು, ವೈದ್ಯ ಪದವಿ ಅವರಿಗಿರಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ ಭಾರತಕ್ಕೆ ಬಂದಿದ್ದರು. ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ದೊರೆತ ಸಣ್ಣ ಜಾಗದಲ್ಲಿ ಮೂರು ತಿಂಗಳು ದುಡಿದು ಪ್ಲೇಗಿನ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಸಿಕೊಂಡವರು ಅವರೇ. ಮರುವರ್ಷ ಹುಬ್ಬಳ್ಳಿಯಲ್ಲಿ ಸರ್ಜನ್ ಲ್ಯೂಮನ್ ಎಂಬ ಅಧಿಕಾರಿಯ ಮುಂದಾಳತನದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಈ ಲಸಿಕೆ ಹಾಕಲಾಯಿತು. 1899ರಲ್ಲಿ ಹಾಫ್‌ಕಿನ್ನರ ಪ್ರಯೋಗಾಲಯ ಪರೇಲಿನ ಹಳೆಯ ಸರಕಾರಿ ಭವನಕ್ಕೆ ಬಂದಿತು.

ಈಗ ಪಂಜಾಬಿಗೆ ಹೋಗೋಣ. 1902ರಲ್ಲಿ ಅಲ್ಲಿನ ಸರಕಾರ ಭಾರಿ ಪ್ರಮಾಣದಲ್ಲಿ ಲಸಿಕೆ ಹಾಕಿಸಲು ಹೊರಟಿತು. ಅಷ್ಟೊಂದು ಲಸಿಕೆ ಬೇಗ ಒದಗಿಸಬೇಕೆಂದು ಪರೇಲಿನಲ್ಲಿ ತಯಾರಿಕೆಯ ಕ್ರಮ ಬದಲಾಯಿತು. ಅದುವರೆಗೆ ಲಸಿಕೆಗೆ ಬೆರೆಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶಾಖವೊಂದನ್ನೇ ನೆಚ್ಚಿದರು. ಶಾಖದ ವಿಧಾನ ಪಾಶ್ಚರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದುದೇ, ತಪ್ಪೆನ್ನುವಂತಿರಲಿಲ್ಲ. ಆದರೆ ಈ ಬದಲಾವಣೆ ಮುಂದೆ ಅವರ ಕೊರಳಿಗೆ ಉರುಳಾಯಿತು.

ಅಕ್ಟೋಬರ್ 30ರಂದು ಗುಜ್ರಾತ್ ಜಿಲ್ಲೆಯ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. (ಇದು ನಮ್ಮ ಗುಜರಾತ್ ರಾಜ್ಯವಲ್ಲ, ಪಂಜಾಬಿನ ಒಂದು ಜಿಲ್ಲೆ. ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ.) ಒಂದು ಸೀಸೆಯಲ್ಲಿ ಅನೇಕರಿಗೆ ಸಾಲುವಷ್ಟು ಮದ್ದು ಇರುತ್ತಿತ್ತು. ಅಂದು ಐದು ಸೀಸೆಗಳನ್ನು ತೆರೆದರು. ಸುಮಾರು ಒಂದು ವಾರದ ಮೇಲೆ ಹಳ್ಳಿಯಲ್ಲಿ ಕೆಲವರ ದವಡೆ ಬಿಗಿಯಿತು, ಬೆನ್ನು ಬಿಲ್ಲಿನಂತೆ ಸೆಟೆಯಿತು. ಧನುರ್ವಾಯು! 19 ಮಂದಿ ಸತ್ತರು. ಉಳಿದ 88 ಮಂದಿಗೆ ಏನೂ ಆಗಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪ್ರತಿ ಸೀಸೆಗೂ ಗುರುತಿನ ಸಂಖ್ಯೆಯಿತ್ತು. ಯಾರಿಗೆ ಯಾವ ಸೀಸೆಯ ಮದ್ದು ಹೋಯಿತೆಂಬುದನ್ನು ತಿಳಿಯಲು ಸಾಧ್ಯವಾಯಿತು. ಸತ್ತ ಹತ್ತೊಂಬತ್ತು ಜನರಿಗೂ ಮದ್ದು ಬಂದದ್ದು 53-ಎನ್ ಎಂಬ ಒಂದೇ ಸೀಸೆಯಿಂದ. ಆ ಲೆಕ್ಕ ಬರೆದಿಡದೆ ಹೋಗಿದ್ದರೆ ‘ಲಸಿಕೆಯೇ ವಿಷ’ ಎಂಬ ಒಂದು ಮಾತಿನಲ್ಲಿ ವಿಚಾರ ಮುಗಿದುಹೋಗುತ್ತಿತ್ತು. ಪಟ್ಟಿ ಬರೆಯುವ ಕೆಲಸವನ್ನು ಗುಮಾಸ್ತಗಿರಿಯೆಂದು ಹಳಿಯುವವರನ್ನು ನಾನು ಒಪ್ಪುವುದಿಲ್ಲ.

ಸರಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅದರ ಅಧ್ಯಕ್ಷರು. ಸೀಸೆ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲಿಯೇ, ಮದ್ದು ಕೆಟ್ಟಿತ್ತು ಎಂಬುದು ಆಯೋಗದ ಅಭಿಪ್ರಾಯವಾಯಿತು. ಕಾರ್ಬಾಲಿಕ್ ಆಮ್ಲ ಬಿಟ್ಟಿದ್ದು ದೊಡ್ಡ ಲೋಪವಾಗಿ ಕಂಡಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು 1904ರಲ್ಲಿ ಭಾರತ ಬಿಟ್ಟರು. ಅವರು ಪರದೇಶಿ, ಯಹೂದಿ, ಮೇಲಾಗಿ ವೈದ್ಯರಲ್ಲ. ಸರಕಾರಿ ವೈದ್ಯಕೀಯ ಸೇವೆಯಲ್ಲಿ ಅವರ ಪರ ನಿಲ್ಲುವವರು ವಿರಳವಾಗಿದ್ದುದಕ್ಕೆ ಇವೂ ಕಾರಣವೆಂದು ನನಗೆ ತೋರುತ್ತದೆ.

ಆದರೆ ಅದೇ ವಿಚಾರಣೆಯ ಕಡತದಲ್ಲಿ ಇನ್ನೊಂದು ಸಾಕ್ಷ್ಯ ಬಿದ್ದಿತ್ತು. ಅಂದು ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕುಳ ನೆಲಕ್ಕೆ ಬಿದ್ದಿತ್ತು. ಅಂಥ ಉಪಕರಣವನ್ನು ಬೆಂಕಿಯಲ್ಲಿ ಕಾಯಿಸಬೇಕೆಂಬುದು ಪರೇಲಿನ ಸೂಚನೆ. ಅವನು ಅದನ್ನು ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಬಳಸಿದ್ದ. ಧನುರ್ವಾಯುವಿನ ಬೀಜಾಣುಗಳಿರುವುದು ಮಣ್ಣಿನಲ್ಲಿ, ಅದರಲ್ಲೂ ದನಕರು, ಕುದುರೆಗಳು ಓಡಾಡುವ ನೆಲದಲ್ಲಿ. ಕ್ಷಣಕಾಲ ಅದ್ದಿದ ಮಾತ್ರಕ್ಕೆ ಅವು ಸಾಯುವುದಿಲ್ಲ.

ಈ ಸಾಕ್ಷ್ಯಕ್ಕೆ ಬೆಲೆ ಕಟ್ಟಿದವರು ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯ ರಾಸ್! 1895ರಲ್ಲಿ ಕಾಲರಾ ತಡೆಯ ಕೆಲಸಕ್ಕೆಂದು ನಮ್ಮ ಬೆಂಗಳೂರಿಗೂ ಬಂದಿದ್ದವರು. 1907ರಲ್ಲಿ ಅವರು ‘ನೇಚರ್’ ಮತ್ತು ‘ಟೈಮ್ಸ್’ ಪತ್ರಿಕೆಗಳಲ್ಲಿ ಬರೆದರು. ಹೆಸರಾಂತ ಸೂಕ್ಷ್ಮಜೀವಿ ವಿಜ್ಞಾನಿಗಳು ಅವರೊಡನೆ ಸಹಿ ಹಾಕಿದರು. ವಾದ ಸರಳವಾದದ್ದು. ಪರೇಲಿನಲ್ಲಿಯೇ ರೋಗಾಣು ಸೇರಿದ್ದರೆ ಅಷ್ಟು ವಾರಗಳಲ್ಲಿ ಅದು ಸೀಸೆಯೊಳಗೆ ಬೆಳೆದು, ತೆರೆದೊಡನೆ ದುರ್ವಾಸನೆ ಹೊಡೆಯಬೇಕಿತ್ತು. ಅಂಥ ವಾಸನೆ ಇರಲಿಲ್ಲ. ತುಂಬಿದ್ದ ವಿಷವನ್ನೇ ಚುಚ್ಚಿದ್ದರೆ ರೋಗ ಬಲುಬೇಗ ತೋರಬೇಕಿತ್ತು. ಇಲ್ಲಿ ಹಿಡಿದದ್ದು, ಮಣ್ಣಿನ ಗಾಯದಲ್ಲಿ ಹಿಡಿಯುವಂತೆ, ವಾರದಷ್ಟು ಕಾಲ. ಸರಕಾರ ಕೊನೆಗೆ ಮಣಿಯಿತು. 1907ರಲ್ಲಿಯೇ ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು.

ಹಾಗೆಂದು ಆ ಸಹಾಯಕನೇ ಖಳನಾಯಕನೆಂದು ನೀವು ತಿಳಿಯಬಾರದು. ಪರೇಲಿನ ಕಾಗದದಲ್ಲಿದ್ದ ನಿಯಮ ಹಳ್ಳಿಯ ಬಯಲಿನಲ್ಲಿ, ಸಾಲು ನಿಂತ ನೂರಾರು ಜನರ ಮುಂದೆ, ಅವಸರದಲ್ಲಿ ಪಾಲನೆಯಾಗಬೇಕಿತ್ತು. ಒಂದು ಇಕ್ಕುಳ ಬಿದ್ದರೆ ಹತ್ತೊಂಬತ್ತು ಜೀವ ಹೋಗುವಂತಿದ್ದರೆ ದೋಷ ಇಕ್ಕುಳ ಹಿಡಿದವನದಷ್ಟೇ ಅಲ್ಲ. ಒಂದೇ ಸೀಸೆಯನ್ನು ತೆರೆದಿಟ್ಟು ಹಲವರಿಗೆ ಚುಚ್ಚುವ ಏರ್ಪಾಡಿನದೂ ಹೌದು. ಇಂದಿಗೂ ಲಸಿಕಾ ಕೇಂದ್ರಗಳಲ್ಲಿ ಅನೇಕ ಮಕ್ಕಳಿಗೆ ಒಂದೇ ಸೀಸೆ ಬಳಸುವುದುಂಟು. ತೆರೆದ ದಿನ, ಹೊತ್ತುಗಳನ್ನು ಅದರ ಮೇಲೆ ಬರೆಯಬೇಕೆಂಬ ನಿಯಮವಿರುವುದು ಸುಮ್ಮನೆ ಅಲ್ಲ.

ಐದು ವರ್ಷಗಳ ಈ ಜಗಳದಲ್ಲಿ ಎಲ್ಲರೂ ಮಾತನಾಡಿದ್ದು ಒಬ್ಬ ವಿಜ್ಞಾನಿಯ ಮಾನದ ಬಗ್ಗೆ. ಸತ್ತವರ ಮನೆಯವರ ಮಾತು ಅಲ್ಲಿ ಕೇಳಿಬರುವುದಿಲ್ಲ. ಇತ್ತ ಪಂಜಾಬಿನ ಜನ ಲಸಿಕೆಯೆಂದರೆ ಹೆದರಿ ದೂರ ಸರಿದರು. 1907ರಲ್ಲಿ, ಹಾಫ್‌ಕಿನ್ ನಿರ್ದೋಷಿಯೆನಿಸಿದ ಅದೇ ವರ್ಷ, ಆ ಒಂದು ಪ್ರಾಂತ್ಯದಲ್ಲಿಯೇ ಪ್ಲೇಗಿಗೆ ಆರು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು.

ಹಾಫ್‌ಕಿನ್ನರಿಗೆ ಪರೇಲಿನ ಹುದ್ದೆ ಮರಳಿ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಕೆಲವು ವರ್ಷ ಕೆಲಸಮಾಡಿ ನಿವೃತ್ತರಾಗಿ ಯುರೋಪಿಗೆ ಹೋದರು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಟ್ಟಾಗ ಅವರು ಬದುಕಿದ್ದರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ತೀರಿಕೊಂಡರು.