ಕುದುರೆ ಯಾರದು?

ನಮ್ಮ ಶಲವಡಿ ಕಡೆ ಎತ್ತು ಕಡ ಕೊಡೋದುಂಟು. ಸತ್ತರೆ ಯಾರ ಲುಕ್ಸಾನು ಅನ್ನೋದೇ ಜಗಳ. ಮರಾಠಾ ದಂಡಿನಲ್ಲಿ ಇದಕ್ಕೆ ಪಕ್ಕಾ ಲೆಕ್ಕವಿತ್ತು. ಸರಕಾರದ ಕುದುರೆ ಏರುವವನು ಬಾರಗೀರ, ಸ್ವಂತದ್ದು ತರುವವನು ಶಿಲೇದಾರ. ಶಿವಾಜಿ ಕಾಲದಲ್ಲಿ 25 ಬಾರಗೀರರಿಗೆ ಒಬ್ಬ ಹವಾಲ್ದಾರ, ಒಬ್ಬ ನೀರಿನವ, ಒಬ್ಬ ನಾಲಬಂದ. ಬಾರಗೀರನಿಗೆ ಪಗಾರ ಕಡಿಮೆ, ಆದ್ರೆ ಕುದುರೆ ಸತ್ತರೆ ನಷ್ಟ ಸರಕಾರದ್ದು. ನೌಕರಿ ಬಿಟ್ಟರೆ ಮಾತ್ರ ಬರಿಗಾಲಲ್ಲೇ ಊರಿಗೆ. ಶಿಲೇದಾರನಿಗೆ ಪಗಾರ ಹೆಚ್ಚು. ಕುದುರೆ ಬಿದ್ದರೆ ಬಂಡವಾಳವೂ ಹೋಯ್ತು, ಹೊಟ್ಟೆಪಾಡೂ ಹೋಯ್ತು. ಹಾಗಾಗಿ ಕಾಳಗದಲ್ಲಿ ಮುನ್ನುಗ್ಗಲು ಅವನಿಗೆ ಅಳುಕು.

ಕಂಪನಿ ಲ್ಯಾಪ್‌ಟಾಪ್ ಹಿಡಿದ ನಾನು ಬಾರಗೀರ. ಸ್ವಂತ ಬೈಕಿನಲ್ಲಿ ನನಗೆ ಊಟ ತರೋ ಹುಡುಗ ಶಿಲೇದಾರ. ಆದ್ರೆ ಅವನಿಗೆ ಆ ಹೆಚ್ಚಿನ ಪಗಾರ ಎಲ್ಲೈತ್ರಿ?