ಆಮ್ಲಕ್ಕೆ ಜಗ್ಗದ ಟೆಫ್ಲಾನ್ ಬಿಸಿಗೂ ಜಗ್ಗುವುದಿಲ್ಲವೇ?

ನಲ್ಲಿ ಕೂರಿಸುವಾಗ ಪ್ಲಂಬರ್ ಅದರ ಥ್ರೆಡ್ ಮೇಲೆ ಬಿಳಿ ಟೇಪ್ ಸುತ್ತುವುದನ್ನು ನಾವೆಲ್ಲ ನೋಡಿರುತ್ತೇವೆ. ಆ ಟೇಪ್, ದೋಸೆ ಅಂಟದ ತವಾದ ಲೇಪನ, ಕಾರ್ಖಾನೆಗಳಲ್ಲಿ ಆಮ್ಲ ಹರಿಯುವ ಎಷ್ಟೋ ಪೈಪುಗಳ ಒಳಪದರ, ಎಲ್ಲದರಲ್ಲೂ ಇರುವುದು ಒಂದೇ ಪ್ಲಾಸ್ಟಿಕ್: ಪಾಲಿಟೆಟ್ರಾಫ್ಲೋರೋಎಥಿಲೀನ್, ಚಿಕ್ಕದಾಗಿ ಪಿಟಿಎಫ್‌ಇ. ಟೆಫ್ಲಾನ್ ಎಂಬುದು ಅದರ ವ್ಯಾಪಾರಿ ಹೆಸರು.

ಸಿಕ್ಕಿದ್ದು ಹೇಗೆ?

1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಅನಿಲದ ಸಿಲಿಂಡರ್ ಒಂದನ್ನು ತೆರೆದರು. ಅನಿಲ ಹೊರಬರಲಿಲ್ಲ, ಆದರೆ ಸಿಲಿಂಡರಿನ ತೂಕವೂ ಕಡಿಮೆಯಾಗಿರಲಿಲ್ಲ. ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ! ಅನಿಲದ ಅಣುಗಳು ತಾವಾಗಿಯೇ ಒಂದಕ್ಕೊಂದು ಸೇರಿ ಉದ್ದನೆಯ ಸರಪಳಿಗಳಾಗಿದ್ದವು.

ಆಮ್ಲ ಏಕೆ ತಿನ್ನುವುದಿಲ್ಲ?

ಈ ಸರಪಳಿಯ ನಡುವೆ ಇಂಗಾಲ, ಸುತ್ತಲೂ ಕವಚದಂತೆ ಫ್ಲೋರಿನ್. ಇವೆರಡರ ನಡುವಿನ ಬಂಧ ತುಂಬಾ ಗಟ್ಟಿ. ಹೀಗಾಗಿ ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಇದು ಜಗ್ಗುವುದಿಲ್ಲ. ಕರಗಿದ ಸೋಡಿಯಂ, ಬಿಸಿ ಫ್ಲೋರಿನ್ ಅನಿಲದಂಥ ಕೆಲವೇ ವಸ್ತುಗಳು ಇದನ್ನು ಹಾಳುಮಾಡಬಲ್ಲವು.

ಎಲ್ಲೆಲ್ಲಿ ಬಳಕೆ?

ಉಕ್ಕಿನ ಪೈಪು, ವಾಲ್ವ್, ಟ್ಯಾಂಕ್‌ಗಳ ಒಳಪದರ, ಸೋರಿಕೆ ತಡೆಯುವ ಗ್ಯಾಸ್ಕೆಟ್, ವಿದ್ಯುತ್ ತಂತಿಯ ಹೊದಿಕೆ, ಸೇತುವೆಯ ತೊಲೆಗಳು ಬಿಸಿಲಿಗೆ ಹಿಗ್ಗಿದಾಗ ಜಾರಲು ಅನುವಾಗುವ ಬೇರಿಂಗ್, ಹೀಗೆ ಪಟ್ಟಿ ಉದ್ದವಿದೆ.

ಇದನ್ನು ಬೇರೆ ಪ್ಲಾಸ್ಟಿಕ್‌ಗಳಂತೆ ಕರಗಿಸಿ ಅಚ್ಚಿಗೆ ಸುರಿಯಲಾಗದು. 327 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅದು ಹರಿಯುವುದಿಲ್ಲ. ಆದ್ದರಿಂದ ಪುಡಿಯನ್ನು ಒತ್ತಿ, ಆಮೇಲೆ ಕಾಯಿಸಿ ಗಟ್ಟಿ ಮಾಡುತ್ತಾರೆ.

ಇನ್ನೊಂದು ಕೊರತೆಯೂ ಇದೆ. ಸತತ ಒತ್ತಡದಲ್ಲಿ ಇದು ಮೆಲ್ಲಗೆ ಹರಡಿಕೊಳ್ಳುತ್ತದೆ. ಗ್ಯಾಸ್ಕೆಟ್ ತೆಳುವಾದರೆ ಬೋಲ್ಟಿನ ಬಿಗಿ ಸಡಿಲವಾಗಿ ಆಮ್ಲ ಸೋರಬಹುದು. ಗಾಜಿನ ನಾರು ಬೆರೆಸಿದರೆ ಈ ತೊಂದರೆ ತಗ್ಗುತ್ತದೆ.

ನಿಜವಾದ ಅಪಾಯ ಎಲ್ಲಿದೆ?

ತವಾದಿಂದ ಎದ್ದ ಚೂರು ಹೊಟ್ಟೆಗೆ ಹೋದರೆ ವಿಷವಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಆಮ್ಲಕ್ಕೇ ಕರಗದ ವಸ್ತು ಹೊಟ್ಟೆಯಲ್ಲಿ ಕರಗೀತೇ? ಅದು ಹಾಗೆಯೇ ಹೊರಹೋಗುತ್ತದೆ.

ಹೆದರಬೇಕಾದದ್ದು ಅತಿಯಾದ ಬಿಸಿಗೆ. ಪಿಟಿಎಫ್‌ಇ ಬಳಕೆಗೆ 260 ಡಿಗ್ರಿಯೇ ಮಿತಿ. ಅದನ್ನು ಮೀರಿ ಕಾಯ್ದಂತೆ ಈ ಪ್ಲಾಸ್ಟಿಕ್ ಒಡೆಯತೊಡಗಿ ವಿಷದ ಹೊಗೆ ಬರುತ್ತದೆ. ಉಸಿರಾಡಿದವರಿಗೆ ಕೆಲ ಗಂಟೆಗಳ ಬಳಿಕ ಚಳಿಜ್ವರ, ಎದೆ ಬಿಗಿತ ಕಾಣಿಸಿಕೊಳ್ಳಬಹುದು. ಕೈಗೆ ಮೆತ್ತಿದ ಪುಡಿ ಸಿಗರೇಟಿಗೆ ತಗುಲಿ, ಅದನ್ನು ಸೇದಿದ ಕಾರ್ಮಿಕರೂ ಹೀಗೆ ಜ್ವರಕ್ಕೆ ಬಿದ್ದಿದ್ದಾರೆ. ಪಂಜರದ ಹಕ್ಕಿಗಳಂತೂ ಈ ಹೊಗೆಗೆ ಸತ್ತೇಹೋಗುತ್ತವೆ.

ಹಾಗಾಗಿ ಇದನ್ನು ಕೊಯ್ಯುವ, ಉಜ್ಜುವ ಜಾಗದಲ್ಲಿ ಬೀಡಿ, ಸಿಗರೇಟು ಬೇಡ. ಪಿಟಿಎಫ್‌ಇ ಪದರವಿರುವ ಪೈಪಿಗೆ ವೆಲ್ಡಿಂಗ್ ಮಾಡಬಾರದು. ಮನೆಯಲ್ಲಿ ಖಾಲಿ ತವಾವನ್ನು ಒಲೆಯ ಮೇಲೆ ಮರೆಯದಿದ್ದರೆ ಸಾಕು.