ಕೃಷ್ಣೆಯ ಪೀಠದಿಂದ ಎದ್ದವರು

ಸಾನಪಾಡಾದಲ್ಲಿ ಮನೆ, ವಿಜಯಪುರ ಜಿಲ್ಲೆಯಲ್ಲಿ ಹೊಲ. ಇಂಥ ಕುಟುಂಬವೊಂದು ಕೃಷ್ಣೆಯ ನೀರಿನ ಜಗಳದಲ್ಲಿ ಯಾರ ಕಡೆ? ಮಹಾರಾಷ್ಟ್ರದ್ದೋ, ಕರ್ನಾಟಕದ್ದೋ? 2022ರ ಜನವರಿ 10ರಂದು ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಪೀಠಕ್ಕೂ ಎದುರಾಯಿತು. ಡಿ.ವೈ. ಚಂದ್ರಚೂಡ್ ಮಹಾರಾಷ್ಟ್ರದವರು, ಎ.ಎಸ್. ಬೋಪಣ್ಣ ಕರ್ನಾಟಕದವರು. ಎರಡೂ ರಾಜ್ಯಗಳು ವ್ಯಾಜ್ಯದಲ್ಲಿದ್ದವು. ಇಬ್ಬರೂ ವಿಚಾರಣೆಯಿಂದ ಹಿಂದೆ ಸರಿದರು. ಬೋಪಣ್ಣನವರ ಕೊಡಗಿನಲ್ಲಿ ಹುಟ್ಟುವುದು ಕಾವೇರಿ, ಕೃಷ್ಣೆಯಲ್ಲ. ಆದರೂ ರಾಜ್ಯದ ನಂಟೇ ಸಾಕಾಯಿತು.

ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ನಿಯಮ ಹಳೆಯದು. ಅದನ್ನು ಬಿಗಿಗೊಳಿಸಿದ ಪ್ರಸಿದ್ಧ ತೀರ್ಪೂ ನೀರಿಗೇ ಸಂಬಂಧಿಸಿದ್ದು. ಇಂಗ್ಲೆಂಡಿನ ಕಾಲುವೆ ಕಂಪನಿಯೊಂದರ ಪರವಾಗಿ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್ ಆದೇಶ ಕೊಟ್ಟಿದ್ದರು. ಆ ಕಂಪನಿಯ ಷೇರುಗಳು ಅವರಲ್ಲೇ ಇದ್ದವು. ಅವರು ಪಕ್ಷಪಾತ ಮಾಡಿದರೆಂದು ಯಾರೂ ಹೇಳಲಿಲ್ಲ. ಆದರೂ 1852ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆದೇಶವನ್ನು ರದ್ದುಪಡಿಸಿತು.

ಷೇರನ್ನು ಎಣಿಸಬಹುದು, ಹುಟ್ಟಿದ ನಾಡಿನ ಅಭಿಮಾನವನ್ನು ಅಳೆಯುವುದು ಹೇಗೆ? ಮಧ್ಯಸ್ಥಿಕೆದಾರರ ಮಟ್ಟಿಗೆ ನಮ್ಮ ಕಾನೂನು ಸ್ಪಷ್ಟವಾಗಿದೆ. 2015ರ ತಿದ್ದುಪಡಿ ಮಧ್ಯಸ್ಥಿಕೆ ಕಾಯ್ದೆಗೆ ಏಳನೇ ಅನುಸೂಚಿಯನ್ನು ಸೇರಿಸಿ, ಯಾವ ಯಾವ ನಂಟಿದ್ದವರು ಆ ಕೆಲಸಕ್ಕೆ ಅನರ್ಹರೆಂದು ಪಟ್ಟಿ ಮಾಡಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಅಂಥ ಶಾಸನವಿಲ್ಲ. ಅವರೇ 1997ರಲ್ಲಿ ಒಪ್ಪಿಕೊಂಡ ನಡವಳಿಕೆಯ ಸೂತ್ರಗಳು ಬಂಧು, ಮಿತ್ರ, ಷೇರುಗಳ ಬಗ್ಗೆ ಹೇಳುತ್ತವೆ. ಉಳಿದದ್ದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. 2015ರ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ ನ್ಯಾಯಮೂರ್ತಿ ಕುರಿಯನ್ ಜೋಸೆಫ್, ಹಿಂದೆ ಸರಿಯುವವರು ಕಾರಣವನ್ನಾದರೂ ಹೇಳಬೇಕು ಎಂದರು.

ಸರಿಯುವುದಕ್ಕೆ ಬೆಲೆಯೂ ಇದೆ, ಅದನ್ನು ತೆರುವವರು ಬೇರೆಯವರು. ಬ್ರಿಜೇಶ್ ಕುಮಾರ್ ನೇತೃತ್ವದ ನ್ಯಾಯಮಂಡಳಿ 2010ರಲ್ಲೇ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಒಪ್ಪಿಗೆ ಕೊಟ್ಟಿತ್ತು. ಗೆಜೆಟ್‌ನಲ್ಲಿ ಪ್ರಕಟವಾಗದೆ ಆ ತೀರ್ಪಿಗೆ ಬಲವಿಲ್ಲ. ಪ್ರಕಟಣೆಗೆ 2011ರಲ್ಲೇ ಸುಪ್ರೀಂ ಕೋರ್ಟಿನ ತಡೆ ಬಿತ್ತು. ಆ ತಡೆಯನ್ನು ತೆರವುಗೊಳಿಸಿ ಎಂದು ಕರ್ನಾಟಕ ಕೇಳುತ್ತಿದ್ದಾಗಲೇ ಪೀಠ ಎದ್ದುಹೋಯಿತು. ಹೊಸ ಪೀಠವೆಂದರೆ ಹೊಸ ದಿನಾಂಕ. ನೀರಿಗಾಗಿ ಕಾಯುವ ಹೊಲಕ್ಕೆ ಅದು ಇನ್ನೊಂದು ಹಂಗಾಮು.

ಇಬ್ಬರೂ ಕಾರಣ ಮುಚ್ಚಿಡಲಿಲ್ಲ, ಅದು ಮೆಚ್ಚತಕ್ಕದ್ದು. ಆದರೆ ತವರು ರಾಜ್ಯವೇ ಅನರ್ಹತೆಯಾದರೆ ಅದನ್ನು ನಿಯಮದಲ್ಲಿ ಬರೆದಿಡಬೇಕು, ಪೀಠ ರಚಿಸುವ ಮೊದಲೇ ನೋಡಿಕೊಳ್ಳಬೇಕು. ಅನರ್ಹತೆ ಅಲ್ಲವೆಂದಾದರೆ, ಕುಳಿತು ಕೇಳುವುದೂ ಕರ್ತವ್ಯವೇ.